ಐದು ವಾರದಲ್ಲಿ ಮಾಡಿದ್ದೂ ಕೆಟ್ಟಿತು, ಎಂಟು ವರ್ಷ ಕಾಯಿಸಿದ್ದೂ ಕೆಟ್ಟಿತು

ಪ್ರಶ್ನೆ: ನಮ್ಮದು ಕುಮಟಾ. ಮಗ ಪಿಯುಸಿ ಓದುತ್ತಿದ್ದಾನೆ. ಮನೆಯಲ್ಲಿ ಗೇಮ್ ಆಡುವಂಥ ಕಂಪ್ಯೂಟರ್ ಒಂದಿದೆ, ಕಾರವಾರದಲ್ಲಿ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಆಟದ ಯಂತ್ರ) ಕೂಡ ಇದೆ. ಇನ್ನೂ ಬಿಡುಗಡೆಯೇ ಆಗದ ಆಟವೊಂದಕ್ಕೆ ಈಗಲೇ ಸುಮಾರು 5 ಸಾವಿರ ರೂಪಾಯಿ ಕಟ್ಟಿ ಬುಕ್ ಮಾಡೋಣ ಅಂತಾನೆ. ಕೋಟಿಗಟ್ಟಲೆ ಸುರಿದ ಆಟಗಳೂ ಕೆಟ್ಟದಾಗಿ ಬರುತ್ತವಂತೆ, ಯಾಕೆ? ‘ಇ.ಟಿ.’ ಅನ್ನೋ ಒಂದೇ ಆಟದಿಂದ ಅಮೆರಿಕದ ವಿಡಿಯೋ ಗೇಮ್ ಉದ್ಯಮವೇ ಮುಳುಗಿತು ಅಂತ ಕೇಳಿದ್ದೇನೆ, ನಿಜವೇ? ನಮ್ಮ ಕಾಲದ ‘9999999 ಇನ್ 1’ ಕ್ಯಾಸೆಟ್‌ನಲ್ಲೂ ಹೀಗೇ ಮೋಸ ಇತ್ತಲ್ಲ? ಮುಂಗಡ ಕೊಡಬಹುದೇ?

ಉತ್ತರ: ಮುಂಗಡ ಕೊಡಬೇಡಿ. ಆಟ ಕೆಟ್ಟದಾಗಿಯೇ ಬರುತ್ತದೆ ಅಂತಲ್ಲ, ಮುಂಗಡ ಕೊಟ್ಟು ನಿಮಗೆ ಆಗಬೇಕಾದ್ದು ಏನೂ ಇಲ್ಲ. ಡೌನ್‌ಲೋಡ್ ಮಾಡಿಕೊಳ್ಳುವ ಆಟ ಅಂಗಡಿಯಲ್ಲಿ ಖಾಲಿಯಾಗುವ ಸರಕಲ್ಲ. ಬಿಡುಗಡೆಯಾದ ಮರುವಾರವೂ ಅದೇ ದರಕ್ಕೆ ಅಲ್ಲೇ ಇರುತ್ತದೆ. ಬುಕ್ ಮಾಡಿದವರಿಗೆ ಸಿಗುವ ವಿಶೇಷ ಅಂಗಿಯೋ ಬಂದೂಕಿನ ಬಣ್ಣವೋ ಎರಡು ದಿನ ಆಡಿದ ಮೇಲೆ ನೆನಪಿಗೂ ಬರುವುದಿಲ್ಲ. ಶಿರಸಿ ಕಡೆ ಅಡಿಕೆ ಫಸಲು ಗುತ್ತಿಗೆ ಹಿಡಿಯುವವರು ಕೂಡ ಒಮ್ಮೆ ತೋಟ ಸುತ್ತಿ, ಗೊನೆ ನೋಡಿಯೇ ದರ ಹೇಳುತ್ತಾರೆ. ಇಲ್ಲಿ ಗೊನೆ ನೋಡದೆ ದುಡ್ಡು ಎಣಿಸಿ ಕೊಡಿ ಎನ್ನುತ್ತಿದ್ದಾರೆ.

ಯಾಕೆ ಕೆಡುತ್ತವೆ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಆಟ ತಯಾರಾಗುವ ಮೊದಲೇ ಅದರ ಮಾರಾಟ ಮುಗಿದುಹೋದರೆ, ತಯಾರಿಕೆ ಚೆನ್ನಾಗಿ ಆಗಲೇಬೇಕು ಎಂಬ ಒತ್ತಡ ಕಡಿಮೆಯಾಗಿ, ತಾರೀಖಿಗೆ ಮುಟ್ಟಿಸಲೇಬೇಕು ಎಂಬ ಒತ್ತಡ ಹೆಚ್ಚಾಗುತ್ತದೆ. ಇ.ಟಿ.ಯಲ್ಲಿ ಆದದ್ದೂ ಇದೇ.

1982ರ ಜುಲೈ ಕೊನೆಗೆ ಅಮೆರಿಕದ ವಿಡಿಯೋ ಗೇಮ್ ಕಂಪನಿ ಅಟಾರಿಗೆ, ಬೇರೆ ಗ್ರಹದಿಂದ ಬಂದ ಇ.ಟಿ. ಎಂಬ ಜೀವಿಯ ಕಥೆಯ ‘ಇ.ಟಿ.’ ಸಿನಿಮಾವನ್ನು ಆಟ ಮಾಡುವ ಹಕ್ಕು ಸಿಕ್ಕಿತು. ಅದಕ್ಕೆ ಕೊಟ್ಟದ್ದು 2ರಿಂದ 2.5 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ಕ್ರಿಸ್‌ಮಸ್ ಹೊತ್ತಿಗೆ ಕ್ಯಾಸೆಟ್ ಅಂಗಡಿಯಲ್ಲಿರಬೇಕಾದರೆ ಸೆಪ್ಟೆಂಬರ್ 1ಕ್ಕೆ ಪ್ರೋಗ್ರಾಮ್ ಕಾರ್ಖಾನೆಗೆ ಹೋಗಬೇಕು. ಉಳಿದದ್ದು ಐದು ವಾರ. ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬರೇ ಪ್ರೋಗ್ರಾಮರ್ ಅದನ್ನು ಬರೆದರು. ಅವರು ಅಡ್ಡಾದಿಡ್ಡಿ ಕೆಲಸದವರಲ್ಲ. ತಿಂಗಳುಗಟ್ಟಲೆ ಸಮಯ ಸಿಕ್ಕಾಗ ಅವರೇ ಮಾಡಿದ ‘ಯಾರ್ಸ್ ರಿವೆಂಜ್’ ಅದೇ ಯಂತ್ರದ ಒಳ್ಳೆಯ ಆಟಗಳಲ್ಲಿ ಒಂದು.

ಯಂತ್ರ ಅಟಾರಿ 2600. 1977ರದ್ದು. ಅದರ ರ‍್ಯಾಮ್ (ಆಡುವಾಗ ಬಳಸುವ ತಾತ್ಕಾಲಿಕ ನೆನಪು) 128 ಬೈಟ್. ಕೆಬಿಯೂ ಅಲ್ಲ, ಎಂಬಿಯೂ ಅಲ್ಲ, ಬರೀ ಬೈಟ್. ಈ ಪುಟದ ಎರಡು ಸಾಲು ಕನ್ನಡ ಅದರಲ್ಲಿ ಹಿಡಿಸದು. ಇ.ಟಿ. ಆಡಿದವರು ಸಿಟ್ಟಾದದ್ದು ಮುಖ್ಯವಾಗಿ ಗುಂಡಿಗಳ ಮೇಲೆ. ಫೋನಿನ ಬಿಡಿಭಾಗ ಹುಡುಕಲು ಇ.ಟಿ. ಗುಂಡಿಗೆ ಇಳಿಯಬೇಕು, ಕುತ್ತಿಗೆ ಚಾಚಿ ತೇಲಿ ಮೇಲೆ ಬರಬೇಕು. ಆದರೆ ಗೊಂಬೆಯ ಒಂದು ಚುಕ್ಕಿ ಗುಂಡಿಯ ಚಿತ್ರದ ಒಂದು ಚುಕ್ಕಿಗೆ ತಾಗಿದರೂ ಪ್ರೋಗ್ರಾಮ್ ಬಿದ್ದಂತೆ ಲೆಕ್ಕ ಹಾಕುತ್ತದೆ. ಕಾಲು ದೂರದ ನೆಲದ ಮೇಲೇ ಇರುತ್ತದೆ, ತಲೆಯ ತುದಿ ಗುಂಡಿಯ ಅಂಚಿಗೆ ತಾಗುತ್ತದೆ, ದಡಕ್ಕನೆ ಬೀಳುತ್ತದೆ. ಮೇಲೆ ಬಂದು ಆಟ ಆಡಿಸುವ ಕೋಲು (ಜಾಯ್‌ಸ್ಟಿಕ್) ಸ್ವಲ್ಪ ತಪ್ಪು ಕಡೆ ಅಲ್ಲಾಡಿಸಿದರೆ ಮತ್ತೆ ಅದೇ ಗುಂಡಿ. ‘ಕಾಲು ತಾಗಿದರೆ ಮಾತ್ರ ಬೀಳು’ ಎಂದು ಲೆಕ್ಕ ಬದಲಿಸಲು ಬೇಕಾದದ್ದು ಬಹಳ ಸಣ್ಣ ತಿದ್ದುಪಡಿ. ವರ್ಷಗಳ ನಂತರ ಅಭಿಮಾನಿಗಳು ಅದನ್ನು ಮಾಡಿಯೂ ತೋರಿಸಿದರು. ಅಂದರೆ ನಾಲ್ಕು ಹುಡುಗರನ್ನು ಕೂರಿಸಿ ಒಂದು ವಾರ ಆಡಿಸಿದ್ದರೆ ಸಿಕ್ಕಿಬೀಳುತ್ತಿದ್ದ ದೋಷ. ಆ ಒಂದು ವಾರವೇ ಇರಲಿಲ್ಲ.

ಹಾಗಾದರೆ ಉದ್ಯಮ ಮುಳುಗಿದ್ದು ಈ ಗುಂಡಿಯಲ್ಲೇ? ಅಲ್ಲ. ಸುಮಾರು 40 ಲಕ್ಷ ಪ್ರತಿ ಮಾಡಿ 15 ಲಕ್ಷ ಮಾರಿದರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ; 15 ಲಕ್ಷ ಮಾರಾಟವಾದ ಆಟವನ್ನು ಆಗಿನ ಕಾಲದಲ್ಲಿ ಸೋಲು ಎನ್ನುವ ಹಾಗೇ ಇಲ್ಲ. ಅದೇ ವರ್ಷ ಬಂದ ಪ್ಯಾಕ್-ಮ್ಯಾನ್ 70 ಲಕ್ಷಕ್ಕೂ ಹೆಚ್ಚು ಹೋಗಿತ್ತು, ಅದೂ ದೆವ್ವಗಳು ಮಿಣಮಿಣ ಮಿನುಗುವ ಕಳಪೆ ರೂಪದಲ್ಲಿ. ನಾಲ್ಕು ದೆವ್ವಗಳನ್ನು ಒಂದೇ ಸಲ ತೋರಿಸಲಾಗದೆ ಒಂದಾದ ಮೇಲೊಂದು ತೋರಿಸುತ್ತಿದ್ದರು, ಅದಕ್ಕೇ ಆ ಮಿನುಗು. ಜನ ಕೊಂಡರು, ಬೇಸರಪಟ್ಟರು, ಮುಂದಿನ ಕ್ಯಾಸೆಟ್ ಕೊಳ್ಳುವಾಗ ಕೈ ಹಿಂದೆ ಎಳೆದರು.

ನಿಜವಾದ ಪೆಟ್ಟು ಆರ್ಡರ್ ಪುಸ್ತಕದಲ್ಲಿತ್ತು. 1981ರ ಕೊನೆಗೆ ಅಟಾರಿ ತನ್ನ ವಿತರಕರಿಗೆ, 1982ರ ಇಡೀ ವರ್ಷದ ಆರ್ಡರ್ ಒಮ್ಮೆಗೇ ಬರೆದುಕೊಡಿ ಎಂದಿತು. ಹತ್ತು ಕೇಳಿದರೆ ಐದು ಬಂದೀತು ಎಂದು ಅನುಭವದಿಂದ ಗೊತ್ತಿದ್ದ ವಿತರಕರು ಬೇಕಾದದ್ದಕ್ಕಿಂತ ಜಾಸ್ತಿಯೇ ಬರೆದರು. ಆ ಕಾಗದವನ್ನೇ ಬೇಡಿಕೆ ಎಂದು ನಂಬಿ ಕಾರ್ಖಾನೆ ಓಡಿತು. ಮಾಲು ಪೂರ್ತಿ ಬಂದು ಬಿದ್ದಾಗ ಆರ್ಡರ್‌ಗಳು ರದ್ದಾಗತೊಡಗಿದವು. 1982ರ ಡಿಸೆಂಬರ್ 7ರಂದು ಅಟಾರಿಯ ಮಾತೃಸಂಸ್ಥೆ ವಾರ್ನರ್, ಶೇ. 50ರಷ್ಟು ಎಂದುಕೊಂಡಿದ್ದ ಬೆಳವಣಿಗೆ ಶೇ. 10ರಿಂದ 15 ಮಾತ್ರ ಎಂದು ಹೇಳಿತು. ಮರುದಿನ ಮುಗಿಯುವಷ್ಟರಲ್ಲಿ ಅದರ ಷೇರು ಸುಮಾರು ಮೂರನೇ ಒಂದು ಭಾಗ ಬಿದ್ದಿತ್ತು.

ಇನ್ನೊಂದು ಕಡೆಯಿಂದ ಮಾರುಕಟ್ಟೆಗೆ ಯಾರು ಬೇಕಾದರೂ ನುಗ್ಗುತ್ತಿದ್ದರು. ಅಟಾರಿ ಬಿಟ್ಟ ಪ್ರೋಗ್ರಾಮರ್‌ಗಳು 1979ರಲ್ಲಿ ಆಕ್ಟಿವಿಷನ್ ಕಟ್ಟಿದರು. ಅಟಾರಿ ಮೊಕದ್ದಮೆ ಹೂಡಿತು, 1982ರಲ್ಲಿ ರಾಜಿಯಾಯಿತು. ಅಟಾರಿ 2600 ಯಂತ್ರದಲ್ಲಿ ಬೇರೆಯವರ ಕ್ಯಾಸೆಟ್ ತಡೆಯುವ ಬೀಗವೇ ಇರಲಿಲ್ಲ. ಆಕ್ಟಿವಿಷನ್ ಮಾಡಿದ್ದು ಒಳ್ಳೆಯ ಆಟಗಳೇ. ಅದರ ಹಿಂದೆ ಬಂದವರ ಮಾತು ಬೇರೆ: ಓಟ್ಸ್ ಮಾರುವ ಕ್ವೇಕರ್ ಕಂಪನಿ ಕೂಡ ಒಂದು ಗೇಮ್ ವಿಭಾಗ ಇಟ್ಟುಕೊಂಡಿತ್ತು ಎಂದರೆ ಉಳಿದದ್ದು ಊಹಿಸಿಕೊಳ್ಳಿ. ಮಾರಾಟವಾಗದ ಮಾಲನ್ನು ಅಂಗಡಿಯವರು ವಾಪಸ್ ಕಳಿಸಲು ನೋಡಿದರೆ ಈ ಸಣ್ಣ ಕಂಪನಿಗಳಲ್ಲಿ ಮರಳಿಸಲು ದುಡ್ಡಿರಲಿಲ್ಲ, ಕೆಲವು ಬಾಗಿಲು ಹಾಕಿದ್ದವು. ಅಂಗಡಿಯವನು ಏನು ಮಾಡಿಯಾನು? 35 ಡಾಲರಿನ ಕ್ಯಾಸೆಟ್ಟನ್ನು 5 ಡಾಲರಿಗೆ ಬುಟ್ಟಿಗೆ ಹಾಕಿದ. ಬುಟ್ಟಿಯಲ್ಲಿ 5 ಡಾಲರಿಗೆ ಸಿಗುವಾಗ ಕಪಾಟಿನ 35 ಡಾಲರಿನ ಒಳ್ಳೆಯ ಆಟವನ್ನು ಯಾವ ಗಿರಾಕಿಯೂ ಮುಟ್ಟಲಿಲ್ಲ. ಒಳ್ಳೆಯದನ್ನು ಮಾಡಿದವನೂ ಹೀಗೆ ಹೋದ. ಜೊತೆಗೆ 595 ಡಾಲರಿಗೆ ಬಂದ ಕಮೊಡೋರ್ 64 ಕಂಪ್ಯೂಟರ್ ಒಂದು ವರ್ಷದೊಳಗೆ 200 ಡಾಲರ್ ಆಸುಪಾಸಿಗೆ ಇಳಿದಾಗ, ಬರೀ ಆಟದ ಪೆಟ್ಟಿಗೆ ಯಾಕೆ ಬೇಕು ಎಂದು ಅಪ್ಪ ಅಮ್ಮಂದಿರು ಕೇಳತೊಡಗಿದರು. 1983ರಲ್ಲಿ ಸುಮಾರು 320 ಕೋಟಿ ಡಾಲರ್ ಇದ್ದ ಅಮೆರಿಕದ ಮನೆ ಆಟಗಳ ವ್ಯವಹಾರ 1985ಕ್ಕೆ ಸುಮಾರು 10 ಕೋಟಿಗೆ ಇಳಿಯಿತು ಎನ್ನುತ್ತಾರೆ. ಕುಸಿದದ್ದು ಉತ್ತರ ಅಮೆರಿಕ ಮಾತ್ರ. ಜಪಾನಿನಲ್ಲಿ ಅದೇ 1983ರ ಜುಲೈ 15ಕ್ಕೆ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಆಟದ ಯಂತ್ರ ಮಾರಾಟಕ್ಕೆ ಬಂದಿತ್ತು.

ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಕಸದ ಗುಂಡಿಯಲ್ಲಿ ಇ.ಟಿ. ಕ್ಯಾಸೆಟ್ ಹೂತಿದ್ದು ನಿಜ, 1983ರ ಸೆಪ್ಟೆಂಬರ್‌ನಲ್ಲಿ. 2014ರ ಏಪ್ರಿಲ್ 26ರಂದು ಅಗೆದು ನೋಡಿದರು. ಹೊರತೆಗೆದ ಸುಮಾರು 1,300 ಕ್ಯಾಸೆಟ್‌ಗಳಲ್ಲಿ ಇ.ಟಿ. ಹತ್ತರಲ್ಲಿ ಒಂದರಷ್ಟು ಮಾತ್ರ. ಸೆಂಟಿಪೀಡ್‌ನಂಥ ಜನ ಮೆಚ್ಚಿದ ಆಟಗಳೂ ಅದೇ ಮಣ್ಣಿನಲ್ಲಿದ್ದವು. ಗೋದಾಮಿನಲ್ಲಿ ಮಿಕ್ಕ ದಾಸ್ತಾನನ್ನು ಒಳ್ಳೆಯದು ಕೆಟ್ಟದ್ದು ನೋಡದೆ ಸುರಿದಿದ್ದರು.

ನಿಂಟೆಂಡೊ 1985ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿಗೆ ಬಂದಾಗ ಅಂಗಡಿಯವರು ವಿಡಿಯೋ ಗೇಮ್ ಎಂದರೆ ಬಾಗಿಲು ಹಾಕುತ್ತಿದ್ದರು. ಅದು ಎರಡು ಕೆಲಸ ಮಾಡಿತು. ಮಾರಾಟವಾಗದಿದ್ದರೆ ನಾವೇ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಅಂಗಡಿಗಳಿಗೆ ಮಾತು ಕೊಟ್ಟಿತು. ಯಂತ್ರಕ್ಕೊಂದು, ಕ್ಯಾಸೆಟ್ಟಿಗೊಂದು ಬೀಗದ ಚಿಪ್ ಹಾಕಿತು. ಎರಡೂ ತಾಳೆಯಾಗದಿದ್ದರೆ ಯಂತ್ರ ರೀಸೆಟ್ ಆಗುತ್ತಲೇ ಇರುತ್ತದೆ. ಹೊರಗಿನ ಕಂಪನಿಗೆ ವರ್ಷಕ್ಕೆ ಐದೇ ಆಟ ಎಂಬ ಮಿತಿ ಇತ್ತು, ಕ್ಯಾಸೆಟ್ ತಯಾರಿಕೆಯ ದುಡ್ಡನ್ನು ಆ ಕಂಪನಿಯೇ ನಿಂಟೆಂಡೊಗೆ ಮೊದಲೇ ಕಟ್ಟಬೇಕಿತ್ತು. ಆಮೇಲೂ ಕೆಟ್ಟ ಆಟಗಳು ಬಂದವು, ಧಾರಾಳವಾಗಿ ಬಂದವು. ಆದರೆ ಮಾಲು ಗುಡ್ಡೆ ಬೀಳಲಿಲ್ಲ.

ನಿಮ್ಮ ‘9999999 ಇನ್ 1’ ಇಲ್ಲಿಗೆ ಬಂದು ಸೇರುತ್ತದೆ. ಆ ಬೀಗ ಇದ್ದದ್ದು ಅಮೆರಿಕದ 72 ಪಿನ್ನಿನ ಯಂತ್ರದಲ್ಲಿ. ಜಪಾನಿನ ಫ್ಯಾಮಿಕಾಮ್‌ಗೆ 60 ಪಿನ್, ಬೀಗ ಇಲ್ಲ. ನಮ್ಮ ಕಡೆ ಸಂತೆ, ಜಾತ್ರೆ, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗಳಲ್ಲಿ ಸಿಗುತ್ತಿದ್ದ ಸೆಟ್‌ಗಳೆಲ್ಲ ಹೆಚ್ಚುಕಮ್ಮಿ ಫ್ಯಾಮಿಕಾಮ್‌ನ ನಕಲು. ಹಾಗಾಗಿ ಯಾರು ಮಾಡಿದ ಕ್ಯಾಸೆಟ್ ಹಾಕಿದರೂ ಓಡುತ್ತಿತ್ತು. ಒಳಗಿನ ಚಿಪ್ಪಿನಲ್ಲಿ ಬೆರಳೆಣಿಕೆಯ ಆಟಗಳು, ಬಹಳವಾದರೆ ಕೆಲವು ಡಜನ್. ಉಳಿದ ಹೆಸರುಗಳೆಲ್ಲ ಅದೇ ಆಟಗಳು, ಶುರುವಾಗುವ ಹಂತ ಬೇರೆ, ಜೀವಗಳ ಸಂಖ್ಯೆ ಬೇರೆ. ಪಟ್ಟಿಯಲ್ಲಿ ಎಷ್ಟು ಕೆಳಗೆ ಹೋದರೂ ಕಾಂಟ್ರಾ, ರೋಡ್ ಫೈಟರ್, ಟ್ಯಾಂಕು ಮತ್ತೆ ಮತ್ತೆ ಸಿಗುತ್ತಿದ್ದದ್ದು ಅದಕ್ಕೇ. ಮೋಸ ಹೌದು, ಆದರೆ ಒಳಗಿದ್ದ ನಾಲ್ಕು ಆಟವಾದರೂ ಜಪಾನಿನಲ್ಲಿ ಚೆನ್ನಾಗಿ ಆಡಿಸಿ ನೋಡಿ ಬಿಟ್ಟ ಆಟಗಳಾಗಿದ್ದವು. ಕೊಟ್ಟ ದುಡ್ಡಿಗೆ ಅಷ್ಟು ಬೇಜಾರಾಗದಿರಲು ಅದೇ ಕಾರಣ ಇರಬೇಕು.

ಈಗಿನ ಆಟಗಳಿಗೆ ಬರೋಣ. ಐದು ವಾರ ಕಡಿಮೆಯಾಯಿತು, ಹೆಚ್ಚು ವರ್ಷ ಕೊಟ್ಟರೆ ಸರಿಹೋಗುತ್ತದಲ್ಲ ಎಂದರೆ ಅದೂ ಇಲ್ಲ. ಡ್ಯೂಕ್ ನ್ಯೂಕೆಮ್ ಫಾರೆವರ್ ಎಂಬ ಆಟ 1997ರಲ್ಲಿ ಘೋಷಣೆಯಾಗಿ 2011ರಲ್ಲಿ ಬಂತು. ನಡುವೆ ಎಂಜಿನ್ (ಆಟಕ್ಕೆ ತಳಹದಿಯಾದ ಸಾಫ್ಟ್‌ವೇರ್) ಬದಲಿಸಿ ಮತ್ತೆ ಮೊದಲಿಂದ ಕಟ್ಟಿದ್ದರು, ಬರುವ ಹೊತ್ತಿಗೆ ಹಳಸಲಾಗಿತ್ತು.

ಸೈಬರ್‌ಪಂಕ್ 2077 ನೋಡಿ. ನಿಮ್ಮ ಮನೆಯಲ್ಲಿ ಪಿಎಸ್4 ಇರುವುದರಿಂದ ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಘೋಷಣೆ 2012ರ ಮೇ. ಬಿಡುಗಡೆ 2020ರ ಏಪ್ರಿಲ್ ಎಂದರು, ಸೆಪ್ಟೆಂಬರ್ ಎಂದರು, ನವೆಂಬರ್ ಎಂದರು. ಅಕ್ಟೋಬರ್ ಮೊದಲ ವಾರ ಮಾಸ್ಟರ್ ಪ್ರತಿ ಸಿದ್ಧ ಎಂದು ಹೇಳಿ, ಅದೇ ತಿಂಗಳ ಕೊನೆಗೆ ಮತ್ತೆ ಮುಂದೂಡಿ, ಡಿಸೆಂಬರ್ 10ಕ್ಕೆ ಬಿಟ್ಟರು. ಅಷ್ಟರಲ್ಲಿ 80 ಲಕ್ಷ ಮುಂಗಡ ಮಾರಾಟ ಆಗಿತ್ತು. ಒಳ್ಳೆಯ ಕಂಪ್ಯೂಟರಿನಲ್ಲಿ ಆಡುವಂತಿತ್ತು. ಪಿಎಸ್4ರಲ್ಲಿ ಗೋಡೆಯ ಚಿತ್ರ ಬರುವ ಮೊದಲೇ ಪಾತ್ರ ಮುಂದೆ ಹೋಗುತ್ತಿತ್ತು, ರಸ್ತೆಯಲ್ಲಿ ಜನ ಮಾಯವಾಗುತ್ತಿದ್ದರು, ಆಟ ಪದೇ ಪದೇ ಬಂದ್ ಬೀಳುತ್ತಿತ್ತು. ಕಾರಣ ಗೂಢವಲ್ಲ. ಪಿಎಸ್4 2013ರ ಯಂತ್ರ, 1.6 ಗಿಗಾಹರ್ಟ್ಸ್‌ನ ನಿಧಾನದ ಪ್ರೊಸೆಸರ್, ತಿರುಗುವ ಹಾರ್ಡ್ ಡಿಸ್ಕ್. ದಟ್ಟ ನಗರವೊಂದನ್ನು ಆಟಗಾರ ಕಾರಿನಲ್ಲಿ ಹೋಗುವ ವೇಗಕ್ಕೆ ಡಿಸ್ಕಿನಿಂದ ಎಳೆದು ತರಲು ಅದಕ್ಕೆ ಆಗಲಿಲ್ಲ.

ಗಮನಿಸಬೇಕಾದದ್ದು ಇದಲ್ಲ, ಇದನ್ನು ಮುಚ್ಚಿಟ್ಟ ರೀತಿ. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರ್ ಪ್ರತಿ ಮಾತ್ರ, ಸ್ವಂತ ವಿಡಿಯೋ ತೋರಿಸಲೂ ಬಿಡಲಿಲ್ಲ. ವಿಮರ್ಶೆಗಳು ಹೊಗಳಿದ್ದು ಒಂದು ಯಂತ್ರದ ಆಟವನ್ನು, ಲಕ್ಷಾಂತರ ಜನ ಕೊಂಡದ್ದು ಇನ್ನೊಂದು ಯಂತ್ರದ ಆಟವನ್ನು. ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆದು ದುಡ್ಡು ಮರಳಿಸಿತು. ಮತ್ತೆ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಹೊತ್ತಿಗೆ ಅದು ನಿಜಕ್ಕೂ ಉತ್ತಮ ಆಟವಾಯಿತು. ಆದರೆ ಪಿಎಸ್4ಗೆ 2022ರ 1.6 ಆವೃತ್ತಿಯೇ ಕೊನೆಯ ದೊಡ್ಡ ಅಪ್‌ಡೇಟ್. ‘ಈಗ ಸೈಬರ್‌ಪಂಕ್ ಸೂಪರ್ ಆಗಿದೆ’ ಎಂದು ಕೇಳಿ ಮಗ ಪಿಎಸ್4ಗೆ ಹಳೆಯ ಡಿಸ್ಕ್ ಕೊಂಡರೆ, ಹೊಗಳಿಸಿಕೊಂಡ ಆಟ ಅವನಿಗೆ ಸಿಗುವುದಿಲ್ಲ. ಕೊಳ್ಳುವುದೇ ಆದರೆ ಡಬ್ಬಿಯಲ್ಲಿ ಎರಡು ಡಿಸ್ಕ್ ಇವೆಯೇ ನೋಡಿ. ಪಿಎಸ್4 ಆವೃತ್ತಿ ಬಂದದ್ದೇ ಎರಡು ಡಿಸ್ಕಿನಲ್ಲಿ, ಒಂದು ಡೇಟಾಗೆ, ಒಂದು ಆಡಲು.

ಎಲ್ಲ ಕೆಟ್ಟ ಆಟಗಳೂ ಹೀಗೆ ರಿಪೇರಿಯಾಗುತ್ತವೆ ಎಂದುಕೊಳ್ಳಬೇಡಿ. 2016ರ ನೋ ಮ್ಯಾನ್ಸ್ ಸ್ಕೈ ಸಣ್ಣ ತಂಡದ ಆಟ, ಹೇಳಿದ್ದರಲ್ಲಿ ಎಷ್ಟೋ ಇರಲಿಲ್ಲ. ಆದರೆ ಗ್ರಹದಿಂದ ಗ್ರಹಕ್ಕೆ ಹಾರುವ ಮೂಲ ಕೆಲಸ ಸರಿಯಾಗಿತ್ತು, 2018ರಲ್ಲಿ ನಾಲ್ಕಾರು ಜನ ಒಟ್ಟಿಗೆ ಆಡುವಂತೆಯೂ ಆಯಿತು. ಆಂಥೆಮ್ ಆಟದಲ್ಲಿ ಹಾರುವುದೊಂದೇ ಚೆನ್ನಾಗಿತ್ತು, ಹಾರಿ ಹೋಗಿ ಮಾಡುವ ಕೆಲಸವೇ ಇರಲಿಲ್ಲ. 2019ರಲ್ಲಿ ಬಂತು, ಮರುನಿರ್ಮಾಣದ ಯೋಜನೆ 2021ರಲ್ಲಿ ರದ್ದಾಯಿತು. ಆನ್‌ಲೈನ್ ಶೂಟಿಂಗ್ ಆಟ ಕಾಂಕಾರ್ಡ್‌ನಲ್ಲಿ ದೊಡ್ಡ ತಾಂತ್ರಿಕ ದೋಷವೇನೂ ಇರಲಿಲ್ಲ. ಅಂಥದೇ ಆಟಗಳು ಪುಕ್ಕಟೆ ಸಿಗುವಾಗ 40 ಡಾಲರ್ ಕೇಳಿತು, ಆಡಲು ಜನ ಬರಲಿಲ್ಲ. 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಬಂದ್, ಕೊಂಡವರಿಗೆಲ್ಲ ದುಡ್ಡು ವಾಪಸ್.

ನಮ್ಮ ಬೆಂಗಳೂರಿನದೇ ಉದಾಹರಣೆ ಫೌ-ಜಿ ಎಂಬ ಮೊಬೈಲ್ ಆಟ. 2020ರ ಸೆಪ್ಟೆಂಬರ್ 2ಕ್ಕೆ ಪಬ್ಜಿ ಮೊಬೈಲ್ ನಿಷೇಧವಾಯಿತು, ಎರಡೇ ದಿನದಲ್ಲಿ ಫೌ-ಜಿ ಘೋಷಣೆ. ಜನ ಅದನ್ನು ಪಬ್ಜಿಯ ಬದಲಿ ಎಂದೇ ಹಿಡಿದರು. 2021ರ ಜನವರಿ 26ರಂದು ತೆರೆದು ನೋಡಿದರೆ ಒಬ್ಬರೇ ಆಡುವ ಕೈಕೈ ಹೊಡೆದಾಟದ ಸಣ್ಣ ಆಟ. ಪ್ಲೇ ಸ್ಟೋರಿನಲ್ಲಿ ಅಂಕ ಕೆಲವೇ ದಿನಗಳಲ್ಲಿ ಜಾರಿತು. ಪುಕ್ಕಟೆಯಾದ್ದರಿಂದ ಯಾರ ದುಡ್ಡೂ ಹೋಗಲಿಲ್ಲ.

ಇನ್ನು ಮಗನ ಆಟದ ವಿಷಯ. ಬಿಡುಗಡೆಯಾದ ಮೇಲೆ ಹತ್ತು ದಿನ ಕಾಯಲಿ. ವಿಮರ್ಶೆ ನೋಡುವಾಗ ಅದು ಯಾವ ಯಂತ್ರದ್ದು ಎಂಬುದನ್ನು ಮೊದಲು ನೋಡಬೇಕು. ಪಿಎಸ್5 ವಿಡಿಯೋ ನೋಡಿ ಪಿಎಸ್4ಗೆ ಕೊಳ್ಳುವುದು ಬೇಡ. ಬಿಡುಗಡೆಯ ಹಿಂದಿನ ದಿನದವರೆಗೂ ಒಂದೂ ವಿಮರ್ಶೆ ಇಲ್ಲದಿದ್ದರೆ ಅದೇ ಒಂದು ಸೂಚನೆ. ಟ್ರೇಲರ್‌ಗೆ ಬೆಲೆ ಕೊಡಬೇಡಿ, ಯಾರಾದರೂ ಕತ್ತರಿಸದೆ ಅರ್ಧ ಗಂಟೆ ಆಡಿದ ವಿಡಿಯೋ ನೋಡಿ.

ಕಂಪ್ಯೂಟರಿಗೆ ಕೊಳ್ಳುವುದಾದರೆ ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಳ್ಳಿ. ಕೊಂಡ 14 ದಿನದೊಳಗೆ, ಆಡಿದ ಅವಧಿ 2 ಗಂಟೆಗಿಂತ ಕಡಿಮೆ ಇದ್ದರೆ ಕಾರಣ ಏನೇ ಇರಲಿ ದುಡ್ಡು ಮರಳುತ್ತದೆ. ಸಪೋರ್ಟ್ ಪುಟಕ್ಕೆ ಹೋಗಿ ಆ ಖರೀದಿ ಆರಿಸಿ ರೀಫಂಡ್ ಕೇಳಬೇಕು. ವಾಲೆಟ್ಟಿಗೆ ಬೇಕೋ, ಕಟ್ಟಿದ ದಾರಿಯಲ್ಲೇ ವಾಪಸ್ ಬೇಕೋ ಎಂದು ಅದು ಕೇಳುತ್ತದೆ. ಎಡವುವುದು ಆ 2 ಗಂಟೆಯ ಲೆಕ್ಕದಲ್ಲಿ. ಆಟ ತೆರೆದಿದ್ದಷ್ಟು ಹೊತ್ತೂ ಲೆಕ್ಕಕ್ಕೆ ಬರುತ್ತದೆ: ಮೊದಲ ಸಲ ಶೇಡರ್ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಮ್) ಸಿದ್ಧವಾಗಲು ಇಪ್ಪತ್ತು ನಿಮಿಷ ಹಿಡಿದರೆ ಅದೂ, ಸೆಟ್ಟಿಂಗ್ ತಿರುವುತ್ತ ಕೂತರೆ ಅದೂ, ಪಾಜ್ ಮಾಡಿ ಊಟಕ್ಕೆ ಹೋದರೆ ಅದೂ. ಬಿಡುಗಡೆಗೆ ಮೊದಲೇ ಆಡಲು ಬಿಡುವ ದುಬಾರಿ ಆವೃತ್ತಿ ಕೊಂಡರೆ, ಆ ಮುಂಚಿನ ದಿನಗಳ ಆಟವನ್ನೂ 2024ರಿಂದ ಎಣಿಸುತ್ತಾರೆ. ಮಗ ಮೊದಲ ಒಂದೂವರೆ ಗಂಟೆ ಆಡಿ, ಮುಚ್ಚಿ, ಇಟ್ಟುಕೊಳ್ಳಬೇಕೋ ಬೇಡವೋ ಹೇಳಲಿ.

ಪಿಎಸ್4 ಸ್ಟೋರಿನಲ್ಲಿ ನಿಯಮ ಬಿಗಿ. ಡೌನ್‌ಲೋಡ್ ಶುರುವಾದರೆ, ಆಟದಲ್ಲೇ ದೋಷವಿದ್ದರೆ ಹೊರತು, ದುಡ್ಡು ಬರುವುದಿಲ್ಲ. ಬುಕ್ ಮಾಡಿದ ಆಟ ತಾನಾಗಿ ಡೌನ್‌ಲೋಡ್ ಆಗಿಬಿಡುವ ಸೆಟ್ಟಿಂಗ್ ಬೇರೆ ಇರುತ್ತದೆ. ಅಲ್ಲಿ ಡಿಸ್ಕೇ ವಾಸಿ. ಹಿಡಿಸದಿದ್ದರೆ ಕಾರವಾರದ ಅದೇ ಅಂಗಡಿಯಲ್ಲಿ ಅರ್ಧಕ್ಕಾದರೂ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಲೆಕ್ಕ ಹಾಕಲೇಬೇಕು. ಈಗಿನ ದೊಡ್ಡ ಆಟ 100 ಜಿಬಿ ಎಂದು ಹಿಡಿಯಿರಿ. 40 ಎಂಬಿಪಿಎಸ್ ಫೈಬರ್‌ನಲ್ಲಿ ಐದೂವರೆ ಗಂಟೆ. 10 ಎಂಬಿಪಿಎಸ್‌ನಲ್ಲಿ ಸುಮಾರು 22 ಗಂಟೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನೆಚ್ಚಿಕೊಂಡವರಿಗೆ 50 ದಿನ. ಅಷ್ಟರಲ್ಲಿ ಸ್ಟೀಮ್‌ನ 14 ದಿನ ಮುಗಿದೇ ಹೋಗಿರುತ್ತದೆ, ಆಟ ಒಮ್ಮೆಯೂ ತೆರೆದಿರುವುದಿಲ್ಲ. ಡಿಸ್ಕ್ ಕೊಂಡರೂ ಈ ತಾಪತ್ರಯ ಪೂರ್ತಿ ತಪ್ಪದು. ಡಿಸ್ಕಿನಲ್ಲಿರುವುದು ಕಾರ್ಖಾನೆಗೆ ಹೋದ ದಿನದ ಆವೃತ್ತಿ, ಬಿಡುಗಡೆಯ ದಿನ ಇಳಿಸಿಕೊಳ್ಳಬೇಕಾದ ತಿದ್ದುಪಡಿ (ಪ್ಯಾಚ್) ಹತ್ತಾರು ಜಿಬಿ ಇರಬಹುದು.

ಮಳೆಗಾಲದಲ್ಲಿ ಡೌನ್‌ಲೋಡ್ ಹಚ್ಚಿಟ್ಟು ಮಲಗಿದಾಗ ಕರೆಂಟ್ ಹೋದರೆ ಪಿಎಸ್4ನ ಹಾರ್ಡ್ ಡಿಸ್ಕ್ ಬರೆಯುತ್ತಿದ್ದಲ್ಲೇ ನಿಲ್ಲುತ್ತದೆ. ಆಮೇಲೆ ಆಟ ತೆರೆಯದಿದ್ದರೆ, ಯಂತ್ರ ಆಫ್ ಇರುವಾಗ ಪವರ್ ಬಟನ್ ಏಳು ಸೆಕೆಂಡಿನಷ್ಟು ಒತ್ತಿ ಹಿಡಿದು ಎರಡನೇ ಬೀಪ್‌ಗೆ ಬಿಡಿ. ಸೇಫ್ ಮೋಡ್ ಬರುತ್ತದೆ, ಕಂಟ್ರೋಲರನ್ನು ವೈರಿನಿಂದ ಸಿಕ್ಕಿಸಿ ಐದನೇ ಆಯ್ಕೆ ‘ರೀಬಿಲ್ಡ್ ಡೇಟಾಬೇಸ್’ ಒತ್ತಿ. ಸೇವ್ ಮಾಡಿದ್ದು ಹೋಗುವುದಿಲ್ಲ. ಆರು, ಏಳನೇ ಆಯ್ಕೆ ಮುಟ್ಟಬೇಡಿ, ಅವು ಎಲ್ಲ ಅಳಿಸುತ್ತವೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿಡಿ. ಫ್ಯಾನು ದೀಪಕ್ಕೆಂದು ಇಟ್ಟ ಸಾದಾ ಮೋಡಿನಲ್ಲಿ ಕರೆಂಟ್ ಬದಲಾಗುವ ಆ ಒಂದು ಕ್ಷಣಕ್ಕೇ ಪಿಎಸ್4 ಆರಿಹೋಗಬಹುದು.